ಆಮಾ ಹೇಳಿದ್ದು ಅದಲ್ಲ

“ನಿಮ್ಮ ತಾಯಿ ನಿಮ್ಮ ಭಾಷೇಲಿ ಅಷ್ಟುದ್ದ ಹೇಳಿದ್ರು. ನೀವು ಒಂದೇ ಮಾತಲ್ಲಿ ಮುಗಿಸಿಬಿಟ್ರಲ್ಲ?”

ಬೋಗಾದಿಯ ಕ್ಲಿನಿಕ್ಕಿನಲ್ಲಿ ಆಮಾಳ ಕೈಗೆ ಪಟ್ಟಿ ಕಟ್ಟುತ್ತಿದ್ದ ನರ್ಸ್ ರವಿಚಂದ್ರ ತಲೆ ಎತ್ತದೆಯೇ ಕೇಳಿದ. ಬಿನಿತಾಳ ಮೈಯೆಲ್ಲ ಉರಿದುಹೋಯಿತು. ಇವನೇನು ನರ್ಸೋ, ಪೊಲೀಸೋ?

“ಬಚ್ಚಲಲ್ಲಿ ಜಾರಿ ಬಿದ್ರು ಅಂದ್ನಲ್ಲ. ಬರ್ಕೊಳ್ಳಿ.”

ಬರೆದುಕೊಂಡ. ಆದರೆ ಹೊರಡುವಾಗ, ಆಮಾಳಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದ: “ಜಾರಿ ಬಿದ್ದೋರ ಕೈ ಮೇಲೆ ಬೆರಳಿನ ಗುರುತು ಇರಲ್ಲ ಕಣ್ರೀ.”

ಅಯ್ಯೋ... ಇಪ್ಪತ್ತು ವರ್ಷದಲ್ಲಿ ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ!

ನೇಪಾಳದಿಂದ ಮೈಸೂರಿಗೆ ಬಂದಾಗ ಬಿನಿತಾಳಿಗೆ ನಾಲ್ಕು ವರ್ಷ. ಅಪ್ಪ ದಿಲ್ ಬಹದ್ದೂರ್ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್. ಗೇಟಿನಲ್ಲಿ ಎಲ್ಲರಿಗೂ ಸಲ್ಯೂಟ್ ಹೊಡೆಯುವ ಕೈ, ಕುಡಿದು ಮನೆಗೆ ಬಂದರೆ ಆಮಾಳನ್ನು ಹೊಡೆಯುತ್ತಿತ್ತು. ಆಮಾ ಎಂದರೆ ಅವರ ಮಾತಿನಲ್ಲಿ ಅಮ್ಮ. ಆ ಆಮಾ ಹೊರಗಿನವರ ಜೊತೆ ಕನ್ನಡದಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಅವಳು ಹೊರಗೆ ಮಾತಾಡುವುದು ಅಪ್ಪನಿಗೆ ಸೇರುತ್ತಿರಲಿಲ್ಲ.

ಹಾಗಾಗಿ ಏಳನೇ ವಯಸ್ಸಿಗೇ ಬಿನಿತಾ ಆಮಾಳ ಬಾಯಿಯಾದಳು. ಡಾಕ್ಟರ ಹತ್ತಿರ, ಶಾಲೆಯಲ್ಲಿ, ಅಕ್ಕಪಕ್ಕದವರಿಗೆ... ಎಲ್ಲರಿಗೂ ಇವಳೇ ಹೇಳಬೇಕು. ಯಾವುದನ್ನು ಹೇಳಬೇಕು, ಯಾವುದನ್ನು ನುಂಗಬೇಕು ಎನ್ನುವುದೂ ಇವಳದೇ ತಲೆನೋವು. ಪುಟ್ಟ ಹುಡುಗಿಯ ನಾಲಿಗೆಯ ಮೇಲೆ ಇಡೀ ಮನೆಯ ಮಾನ! ಈಗ ಶಿಶುವಿಹಾರದಲ್ಲಿ ಮಕ್ಕಳಿಗೆ ಅ ಆ ಇ ಈ ತಿದ್ದಿಸುವ ಮೇಡಂ ಅವಳು. ಕನ್ನಡ ಕೇಳಿದರೆ ನೇಪಾಳದವಳು ಎಂದು ಯಾರೂ ಹೇಳರು.

ಮೂರು ದಿನಕ್ಕೊಮ್ಮೆ ಪಟ್ಟಿ ಬದಲಿಸಬೇಕಿತ್ತು. ಗಾಯ ಮಾಯಿತು, ಬಿನಿತಾ ಕ್ಲಿನಿಕ್ಕಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಒಂದು ದಿನ ನೆಗಡಿಯಂತೆ, ಇನ್ನೊಂದು ದಿನ ಕೆಮ್ಮಂತೆ! ಅಲ್ಲಿಗೆ ಬಂದವರೆಲ್ಲ ರವಿಚಂದ್ರನನ್ನು ‘ಬ್ರದರ್’ ಎಂದು ಕರೆದರೆ ಇವಳೊಬ್ಬಳು ‘ಏನ್ರೀ’ ಎನ್ನುತ್ತಿದ್ದಳು. ಆಗಲೇ ಅರ್ಥವಾಗಬೇಕಿತ್ತು, ಪೆದ್ದು ಹುಡುಗಿಗೆ.

ಅವನು ಮತ್ತೆಂದೂ ಆ ಗುರುತಿನ ಬಗ್ಗೆ ಕೆದಕಲಿಲ್ಲ. ಒಂದು ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅವಳೇ ಎಲ್ಲವನ್ನೂ ಹೇಳಿ ಅತ್ತಳು. ಅಳು ನಿಲ್ಲುವವರೆಗೂ ಪಕ್ಕದಲ್ಲೇ ಇದ್ದವನು, ಮುಂದಿನ ಭಾನುವಾರ ಅವ್ವನನ್ನು ಕರೆದುಕೊಂಡು ಬರುತ್ತೇನೆ ಎಂದ.

ಬಂದೇಬಿಟ್ಟ. ಅಪ್ಪ ಡ್ಯೂಟಿಯಲ್ಲಿದ್ದ ಹೊತ್ತು. ಅವನ ತಾಯಿ ಶಿವನಂಜಮ್ಮ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಮಲ್ಲಿಗೆ ಜೋಡಿಸಿ ತಂದಿದ್ದರು. ಹೆಣ್ಣು ಕೇಳುವ ಮಾತನ್ನು ಹೆಣ್ಣಿನ ಬಾಯಲ್ಲೇ ಹೇಳಿಸಬೇಕಲ್ಲಪ್ಪ ಎಂದು ನಕ್ಕರು. ಬಿನಿತಾ ನಾಚುತ್ತಲೇ ಆಮಾಳಿಗೆ ನೇಪಾಳಿಯಲ್ಲಿ ಹೇಳಿದಳು.

ಆಮಾಳ ಕಣ್ಣು ತುಂಬಿತು. ಇವತ್ತೇ ಕರೆದುಕೊಂಡು ಹೋಗಲಿ ಮಗಳೇ, ನೀನಾದರೂ ಈ ಮನೆಯಿಂದ ಹೊರಗೆ ಹೋಗು, ನನ್ನ ಚಿಂತೆ ಬಿಡು ಎಂದಳು.

ನನ್ನ ಚಿಂತೆ ಬಿಡು... ಹೇಗೆ ಬಿಡುವುದು? ನಾನು ಹೋದ ಮೇಲೆ ಇವಳ ಪರ ಯಾರು ಮಾತಾಡುತ್ತಾರೆ? ಅಪ್ಪ ಕೈ ಎತ್ತಿದರೆ ಯಾರನ್ನು ಕೂಗುತ್ತಾಳೆ?

ಬಿನಿತಾ ಶಿವನಂಜಮ್ಮನ ಕಡೆ ತಿರುಗಿದಳು.

“ಅಮ್ಮಂಗೆ ಇಷ್ಟ ಇಲ್ವಂತೆ. ನಮ್ಮೋರಲ್ಲೇ ಕೊಡ್ತಾರಂತೆ.”

ಮೊದಲ ದಿನವೇ ಸುಳ್ಳು ಹಿಡಿದವನು ಈ ಸುಳ್ಳನ್ನು ನಂಬಿಬಿಟ್ಟ. ಆಮಾಳ ಕಣ್ಣೀರು ಬೇಡವೆನ್ನುವ ಕಣ್ಣೀರೆಂದೇ ತಿಳಿದ. ಒಂದೇ ಸಲ ಬಿನಿತಾಳ ಮುಖ ನೋಡಿ, ತಾಯಿಯ ಹಿಂದೆ ಮೆಟ್ಟಿಲಿಳಿದು ಹೋದ.

ಮೂರು ತಿಂಗಳು. ಅವನು ಬೋಗಾದಿ ಬಿಟ್ಟು, ತನ್ನ ಮನೆಯಿರುವ ಹೂಟಗಳ್ಳಿಯಲ್ಲೇ ಕೆಲಸ ಹಿಡಿದನಂತೆ. ಬಿನಿತಾ ಎರಡು ಸಲ ಹೂಟಗಳ್ಳಿ ಬಸ್ಸು ಹತ್ತಿದಳು. ಕೊನೆಯ ಸ್ಟಾಪಿನವರೆಗೂ ಹೋಗಿ, ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್ಸು ಬಂದಳು. ಇಳಿದು ಏನಂತ ಹೇಳುವುದು? ಒಮ್ಮೆ ದೂರದಿಂದ ನೋಡಿದರೆ ಸಾಕಿತ್ತು... ಅದೂ ಆಗಲಿಲ್ಲ. ತರಗತಿಯಲ್ಲಿ ‘ಯ’ ಆದ ಮೇಲೆ ‘ರ’ ಬಿಟ್ಟು ‘ಲ’ ಬರೆಸಿಬಿಟ್ಟಳು.

ಒಂದು ಮಧ್ಯಾಹ್ನ ಮನೆಗೆ ಬಂದರೆ ಆಮಾ ಬ್ಯಾಗು ಕಟ್ಟಿಕೊಂಡು ಕೂತಿದ್ದಳು. ಹುಡುಗಿಯರ ಪಿ.ಜಿ.ಯಲ್ಲಿ ಅಡುಗೆ ಕೆಲಸ ಸಿಕ್ಕಿದೆ, ಇರುವುದಕ್ಕೆ ರೂಮೂ ಕೊಟ್ಟಿದ್ದಾರೆ, ಪೊಲೀಸ್ ಠಾಣೆಗೂ ಹೋಗಿ ಅಪ್ಪನ ಮೇಲೆ ದೂರು ಕೊಟ್ಟು ಬಂದೆ ಎಂದಳು.

ಠಾಣೆಯಲ್ಲಿ ಯಾರು ಮಾತಾಡಿದರು ಎಂದು ಬಿನಿತಾ ಗಾಬರಿಯಿಂದ ಕೇಳಿದಳು.

“ನಾನೇ,” ಎಂದಳು ಆಮಾ. ಕನ್ನಡದಲ್ಲಿ! “ಇಪ್ಪತ್ತು ವರ್ಷ ಕೇಳಿದೀನಿ, ಬರಲ್ವಾ? ಆ ದಿನ ನೀನು ಹೇಳಿದ್ದೂ ಗೊತ್ತಾಯ್ತು. ಎಲ್ರ ಮುಂದೆ ನಿನ್ನ ಸುಳ್ಳಿ ಅಂತ ಹೇಗೆ ಹೇಳೋದು? ಆದರೆ ಒಂದು ಗೊತ್ತಾಯ್ತು. ನಾನು ಈ ಮನೆ ಬಿಡಲ್ಲ ಅಂದ್ರೆ ನೀನೂ ಬಿಡಲ್ಲ.”

ಬಿನಿತಾ ಅವಳ ಮಡಿಲಿಗೆ ಮುಖ ಒತ್ತಿದಳು. ಎಷ್ಟು ಅತ್ತಳೋ! ಆಮಾ ಅಳಲಿಲ್ಲ. ಎದ್ದು ಮುಖ ತೊಳೆದುಕೋ, ಹೂಟಗಳ್ಳಿಗೆ ಹೋಗಬೇಕು ಎಂದಳು.

ಶಿವನಂಜಮ್ಮ ಬಾಗಿಲು ತೆರೆದವರು ಇಬ್ಬರನ್ನೂ ಕಂಡು ಮುಖ ಬಿಗಿದುಕೊಂಡರು. ಒಳಗಿನಿಂದ ರವಿಚಂದ್ರ ಬಂದು ತಾಯಿಯ ಹಿಂದೆ ನಿಂತ. ಸೊರಗಿದ್ದ. ಬಿನಿತಾ ಬಾಯಿ ತೆರೆಯುವಷ್ಟರಲ್ಲಿ ಆಮಾ ಅವಳ ಕೈ ಒತ್ತಿ ಸುಮ್ಮನಾಗಿಸಿದಳು.

“ಅಮ್ಮ, ಆ ದಿನ ನಾನು ಕೊಡ್ತೀನಿ ಅಂದೆ. ಮಗಳು ನನಗೋಸ್ಕರ ತಪ್ಪು ಹೇಳಿತು. ಇವತ್ತು ನಾನೇ ಬಂದೆ, ಕೇಳೋಕೆ... ನಿಮ್ಮ ಮಗನ್ನ ನನ್ನ ಮಗಳಿಗೆ ಕೊಡ್ತೀರಾ?”

ಶಿವನಂಜಮ್ಮ ಹೊಸಿಲು ದಾಟಿ ಬಂದು ಆಮಾಳ ಕೈ ಹಿಡಿದರು. “ಬನ್ನಿ ಕಣಮ್ಮ ಒಳಕ್ಕೆ. ಬೀದೀಲಿ ನಿಂತು ಬೀಗರ ಮಾತಾಡ್ತಾರಾ?”

ಹೊಸಿಲ ಬಳಿ ಇಬ್ಬರೇ ಉಳಿದರು.

“ಅವತ್ತು ನಿನ್ನನ್ನೇ ಕೇಳಬೇಕಿತ್ತು ನಾನು,” ಎಂದ ರವಿಚಂದ್ರ. “ಕೇಳದೆ ಬಂದ್ಬುಟ್ಟೆ. ನಿಮ್ಮಮ್ಮನ ಮಾತು ಅವ್ರೇ ಹೇಳಾಯ್ತು. ಈಗ ನಿಂದು ಹೇಳು.”

ಊರಿಗೆಲ್ಲ ಮಾತಾಡಿದ ನಾಲಿಗೆ ತನ್ನದೊಂದು ಮಾತಿಗೆ ತಡವರಿಸಿತು. ತನಗೇನು ಬೇಕೆಂದು ಇದುವರೆಗೆ ಯಾರಿಗೂ ಹೇಳಿದವಳಲ್ಲ.

“ನಂಗೆ... ನೀವು ಬೇಕು.”

“ಇನ್ನೊಂದ್ಸಲ ಹೇಳು.”

“ಹೇಳಲ್ಲ ಹೋಗ್ರೀ,” ಎಂದು ಕಣ್ಣೊರೆಸಿಕೊಂಡಳು. ಅವನು ಕಾದ. ಅವಳು ಹೇಳಿದಳು.