ಹೊಟ್ಟೆಯ ಮೇಲಿನ ಅಂಕಿ

"ಅದೊಂದು ಬ್ಯಾಡ. ಬ್ಯಾರೆ ಏನರೆ ಕೇಳು."

ನಾಲ್ಕು ವರ್ಷಗಳಲ್ಲಿ ಸಾತಲಿಂಗಪ್ಪನವರು ತಮ್ಮ ಹಳೆಯ ಕಂಪ್ಯೂಟರ್ ಚಿಪ್ ಒಂದನ್ನು ಕೇಳಿದ ಕೌಶಿಕನಿಗೆ ಮೂರು ಸಲ ಹೀಗೆ ಅಂದಿದ್ದರು. ಮೂರನೆಯ ಸಲ ಇನ್ನೊಂದು ಮಾತು ಸೇರಿಸಿದರು: "ಅದಕ್ಕ ಒಬ್ರ ಹೆಸರ ಬರಿಸಿಟ್ಟೀನಿ." ಆ ಒಬ್ಬರು ಯಾರೆಂದು ಕೇಳುವ ಅಗತ್ಯ ಕೌಶಿಕನಿಗೆ ಕಾಣಲಿಲ್ಲ. ಮಕ್ಕಳಿಲ್ಲದ ಮನೆ. ಇರುವವನೊಬ್ಬ ತಮ್ಮನ ಮಗ ನಿಲೇಶ, ಆ ಚಿಪ್‌ನ ಬಂಗಾರ ಕೆರೆದರೆ ಎಷ್ಟು ಗುಂಜಿ ಬಂದೀತು ಎಂದು ಕೇಳಿದ ಪುಣ್ಯಾತ್ಮ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಕೌಶಿಕನಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು.

ಅವನಿಗೆ ಚಿಪ್ ಕೂಡಿಡುವ ಈ ಹುಚ್ಚು ಹಚ್ಚಿದವರೇ ಸಾತಲಿಂಗಪ್ಪ. ಕೌಶಿಕ ಸೊಲ್ಲಾಪುರದ ಒಂದು ಬಟ್ಟೆ ಪೇಢಿಯಲ್ಲಿ ಗುಮಾಸ್ತ. ಅವರು ಅಕ್ಕಲಕೋಟೆಯಿಂದ ಬಂದು ಪೇಢಿಯ ಕಂಪ್ಯೂಟರ್ ರಿಪೇರಿ ಮಾಡಿಕೊಡುತ್ತಿದ್ದರು. ತೊಂಬತ್ತೆರಡರಲ್ಲಿ ಹಳೆಯ ಯಂತ್ರ ಗುಜರಿಗೆ ಹೋಗುವ ದಿನ ಅದರೊಳಗಿಂದ ಕರಿಯ ಚಿಪ್ ಒಂದನ್ನು ಬಿಡಿಸಿ ಇವನ ಅಂಗೈ ಮೇಲಿಟ್ಟರು. "ಪ್ರೊಸೆಸರ್ ಅಂತಾರ ಇದಕ್ಕ, ಕಂಪ್ಯೂಟರಿನ ತಲಿ. ತಿರುವಿ ನೋಡೋ ತಮ್ಮಾ. ಬೆನ್ನ ಮ್ಯಾಲ ಹೆಸರು, ಹೊಟ್ಟಿ ಮ್ಯಾಲ ಹುಟ್ಟಿದ್ದು. ಹೊಟ್ಟಿ ನೋಡದ ಯಾವುದೂ ಇಟ್ಕೋಬ್ಯಾಡ." ಹೊಟ್ಟೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಚಿಪ್ ತಯಾರಾದ ವರ್ಷ, ಮುಂದಿನೆರಡು ವಾರ. ಅದರ ತಂತಿಯಂಥ ಕಾಲು ಬಾಗದಂತೆ ಹಿಡಿಯುವುದು, ಸಿಗರೇಟು ಪಾಕೀಟಿನ ಬೆಳ್ಳಿ ಹಾಳೆಯಲ್ಲಿ ಸುತ್ತಿಡುವುದು, ಗುಜರಿಯವನೆದುರು ಆಸೆ ತೋರಿಸದಿರುವುದು, ಎಲ್ಲ ಅವರೇ ಕಲಿಸಿದ್ದು. ಈಗ ಕೌಶಿಕನ ಸೀರೆ ಡಬ್ಬಿಯಲ್ಲಿ ಅರವತ್ತು ಚಿಪ್‌ಗಳಿದ್ದವು. ಇಲ್ಲದ್ದು ಅದೊಂದೇ: ಬಿಳಿ ಪಿಂಗಾಣಿ ಮೈ, ಬಂಗಾರದ ಮುಚ್ಚಳ, ಹದಿನಾರು ಕಾಲು, ಉಳಿದವಕ್ಕೆಲ್ಲ ಮುತ್ತಜ್ಜ. ಸತ್ತುಹೋದ ಒಂದು ವಿದೇಶಿ ಯಂತ್ರದಿಂದ ಸಾತಲಿಂಗಪ್ಪ ಬಿಡಿಸಿಟ್ಟುಕೊಂಡದ್ದು.

ಕಳವು ಎಂಬ ಮಾತನ್ನು ಕೌಶಿಕ ಮನಸ್ಸಿನ ಹತ್ತಿರ ಬರಗೊಡಲಿಲ್ಲ. ಕರಗಿಹೋಗುವುದನ್ನು ಉಳಿಸುವುದು ಎಂದುಕೊಂಡ. ಅದರ ಜಾಗದಲ್ಲಿ ಇಡಲು ಅದೇ ಅಳತೆಯ, ಅದೇ ಬಣ್ಣದ ಮೆಮರಿ ಚಿಪ್ ಒಂದನ್ನು ಪುಣೆಯ ಗುಜರಿಯಲ್ಲಿ ಹುಡುಕಲು ಏಳು ತಿಂಗಳು ಹಿಡಿಯಿತು. ಬೆನ್ನ ಮೇಲಿನ ಹೆಸರನ್ನು ಸ್ಪಿರಿಟ್ ಹಚ್ಚಿ ಒರೆಸಿದ, ನಕ್ಷೆ ಬರೆಯುವ ಸಣ್ಣ ಪೆನ್ನಿನಿಂದ ಅಸಲಿಯ ಹೆಸರು ಬರೆದ. ಹೊಟ್ಟೆಯ ಮೇಲಿನ 7702 ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಇರಲಿ ಎಂದುಕೊಂಡ. ಅಕ್ಕಲಕೋಟೆಯಲ್ಲಿ ಚಿಪ್ ತಿರುವಿ ನೋಡುವವರು ಒಬ್ಬರೇ, ಅವರ ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ದೀಪಾವಳಿಗೆ ಆಪರೇಶನ್. ಆಮೇಲೆ ಕಂಡರೂ, ಸಂಶಯ ಬೀಳಲು ಬಂಗಾರದ ಗುಂಜಿ ಕೇಳಿದ ನಿಲೇಶ ಇದ್ದೇ ಇದ್ದಾನಲ್ಲ.

ದಿನವನ್ನೂ ಯೋಚಿಸಿಯೇ ಆರಿಸಿದ. ಗುರುವಾರ ಸಾತಲಿಂಗಪ್ಪ ಸ್ವಾಮಿ ಸಮರ್ಥರ ಗುಡಿಗೆ ಹೋದರೆ ಆರತಿ ಮುಗಿಯದೆ ಮನೆಗೆ ಬರುವವರಲ್ಲ. ಕೌಶಿಕ ರಜೆ ಹಾಕಿ ಬಸ್ಸು ಹತ್ತಿದ. ಕುಂಭಾರಿ, ವಳಸಂಗ ದಾಟುವವರೆಗೂ ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಬಾರೋ ಕೌಶಿಕ. ಅವ್ರು ಗುಡಿಗಿ ಹೋಗ್ಯಾರ," ಎಂದರು ಸಾತಲಿಂಗಪ್ಪನವರ ಹೆಂಡತಿ ಗಿರಿಜಾಬಾಯಿ. "ಕೂಡು, ಚಹಾ ಇಡ್ತೀನಿ. ಶೇಂಗಾ ಹೋಳಗಿ ನಿನಗಂತ ತಗದಿಟ್ಟೀನಿ."

"ಸಾವಕಾಶ ಮಾಡ್ರಿ ಕಾಕು," ಎಂದ.

ಒಳಗೆ ಸ್ಟೋವಿಗೆ ಪಂಪು ಹೊಡೆಯುವ ಸದ್ದು ಶುರುವಾಯಿತು. ಕೌಶಿಕ ಕಪಾಟಿನಿಂದ ತಗಡಿನ ಡಬ್ಬಿ ತೆಗೆದ. ಬೆಳ್ಳಿ ಹಾಳೆ ಬಿಡಿಸಿದ, ಬದಲಿಸಿದ, ಮತ್ತೆ ಸುತ್ತಿದ. ಅಡಿಯಲ್ಲಿ ಮಡಿಚಿದ ಒಂದು ಚೀಟಿ ಇತ್ತು. ಕನ್ನಡ ಬರಹ. ಮನೆಯಲ್ಲಿ ಆಡುವುದು ಕನ್ನಡವೇ ಆದರೂ ಅವನು ಕಲಿತದ್ದು ಮರಾಠಿ ಸಾಲಿಯಲ್ಲಿ, ಕನ್ನಡ ಅಕ್ಷರ ಅವನಿಗೆ ಬರೀ ಸುರುಳಿ. ಮೇಲೆ ದೊಡ್ಡದಾಗಿ ಮೂರಕ್ಷರ, ಕೆಳಗೆ ಸಣ್ಣ ಸುರುಳಿಗಳಲ್ಲೇ ಇನ್ನೇನೋ. ಬೆರಳಲ್ಲಿ ಎಣಿಸಿದ: ನಿ, ಲೇ, ಶ. ಸರಿಹೋಯಿತು. ಚೀಟಿಯನ್ನು ಇದ್ದ ಹಾಗೆಯೇ ಮಡಿಚಿಟ್ಟ. ಚಹಾ ಬಂದಾಗ ಅವನು ಹೋಳಿಗೆಗೆ ಕಾಯುತ್ತ ಕೂತಿದ್ದ. ಎರಡು ತಿಂದು ಎದ್ದ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಸಲಿ ಚಿಪ್ ತಿರುವಿ ಹೊಟ್ಟೆ ನೋಡಿದ: 7411. ಯಾರಿಗೆ ತೋರಿಸಬೇಕೆಂದು ಹೊಳೆಯಲಿಲ್ಲ. ಇಂಥದ್ದು ಸಿಕ್ಕರೆ ಅವನು ಮೊದಲು ಓಡುತ್ತಿದ್ದುದು ಸಾತಲಿಂಗಪ್ಪನವರ ಹತ್ತಿರ.

ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಅವರಿಂದ ಫೋನು ಬಂತು. ಹೋಗದಿದ್ದರೆ ಸಂಶಯ ಬಂದೀತೆಂದು ಹೋದ. ಸಾತಲಿಂಗಪ್ಪ ದಪ್ಪ ಗಾಜಿನ ಹೊಸ ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಅಲ್ಲೋ, ಕೂದಲಾ ಬೆಳ್ಳಗಾಗ್ಯಾವಲ್ಲೋ ನಿನಗ," ಎಂದು ನಕ್ಕು ಅವನ ಗಲ್ಲ ಸವರಿದರು. ನಿಲೇಶ ಎಲ್ಲೂ ಕಾಣಲಿಲ್ಲ. ಗಿರಿಜಾಬಾಯಿ ತಗಡಿನ ಡಬ್ಬಿ ತಂದು, ಬೆಳ್ಳಿ ಹಾಳೆ ಬಿಡಿಸಿ, ಬಿಳಿ ಚಿಪ್ ಅನ್ನು ಕೌಶಿಕನ ಅಂಗೈ ಮೇಲಿಟ್ಟರು.

"ನಿನಗ ಕನ್ನಡ ಓದಾಕ ಬರೂದಿಲ್ಲ, ನಾನ ಓದ್ತೀನಿ," ಎಂದು ಗಿರಿಜಾಬಾಯಿ ಚೀಟಿ ಬಿಡಿಸಿದರು. ಇಂಡಿ ಕಡೆಯ ತವರಿನಲ್ಲಿ ಕನ್ನಡ ಸಾಲಿ ಕಲಿತವರು. "ನಾನ ಬರದದ್ದು. ಹ್ವಾದ ವರ್ಷ ಇವ್ರ ಕಣ್ಣ ಹ್ವಾದಾಗ ನಾನ ತಿರುವಿ ನೋಡಿ ಬರದೆ. ಹೊಟ್ಟಿ ನೋಡದ ಬರೀಬ್ಯಾಡ ಅಂದಿದ್ರು." ಬೆರಳಿಟ್ಟು ನಿಧಾನವಾಗಿ ಓದಿದರು: "ಕೌಶಿಕ. ಎಪ್ಪತ್ನಾಲ್ಕು, ಹನ್ನೊಂದು." ಕೌ, ಶಿ, ಕ. ಅದೂ ಮೂರಕ್ಷರವೇ. "ಅವಾಗೇ ಕೊಡಬಹುದಿತ್ತು," ಎಂದರು ಸಾತಲಿಂಗಪ್ಪ. "ತಗೊಳ್ಳೂ ಮುಂದ ನಿನ್ನ ಮಾರಿ ಕಾಣಬೇಕಂತ ತಡದೆ. ತಿರುವಿ ನೋಡೋ ತಮ್ಮಾ." ಕೌಶಿಕ ತಿರುವಲಿಲ್ಲ. ಗಿರಿಜಾಬಾಯಿಯೇ ತಿರುವಿ, ಕಣ್ಣು ಕಿರಿದು ಮಾಡಿ, ಎಪ್ಪತ್ತೇಳು ಎಂದು ಓದಿ, ಚೀಟಿ ನೋಡಿ, ಮತ್ತೆ ಓದಿದರು. ಸಾತಲಿಂಗಪ್ಪ ಚಿಪ್ ಕಡೆ ನೋಡಲೇ ಇಲ್ಲ. ಅವರು ಹೊಸ ಕನ್ನಡಕದೊಳಗಿಂದ ಕೌಶಿಕನ ಮುಖವನ್ನೇ ನೋಡುತ್ತಿದ್ದರು.