ಮೈಕ್ ಪರೀಕ್ಷೆಯ ದನಿ

"ಅವಳ ದನಿ ಕಾಣ್ತಿಲ್ಲಮ್ಮ!"

ಬಾನುಲಿ ಕೇಂದ್ರದ ಧ್ವನಿಮುದ್ರಕರು ಬಾಗಿಲಲ್ಲೇ ನಿಂತರು. ಒಳಗೆ ಕೂತಿದ್ದವಳು ಕೇಂದ್ರದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು, ಎಲ್ಲರಿಗೂ 'ಪಾಸ್‌ವರ್ಡ್ ಅಕ್ಕ'.

"ಯಾವ ದನಿ ಅಣ್ಣ?"

"ಮೈಕ್ ಪರೀಕ್ಷೆಗೆ ನನ್ನ ಹೆಂಡತೀನ ಕೂರಿಸಿ ಮಾತಾಡಿಸ್ತಿದ್ನಲ್ಲ— ಆ ಫೋಲ್ಡರೇ ಮಾಯ."

ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದು ಅದೊಂದೇ. ಅದನ್ನಿಷ್ಟು ಕೇಳದೆ ಅವರು ಕೆಲಸಕ್ಕೆ ಕೂರುತ್ತಿರಲಿಲ್ಲ.

"ಇನ್ನೊಂದು ಪ್ರತಿ?"

"ಸ್ವಂತದ್ದು ಅಂತ ಬ್ಯಾಕಪ್‌ಗೆ ಹಾಕಿರಲಿಲ್ಲ."

ಅಕ್ಕನಿಗೆ ತನ್ನ ಕೆಲಸದ ಮೇಲೇ ಅನುಮಾನ ಬಂತು. ಹಿಂದಿನ ವಾರವಷ್ಟೇ ಸ್ಟುಡಿಯೋ ಸರ್ವರ್, ಆಫೀಸ್ ಸರ್ವರ್ ಎರಡರ ಖಾತೆಗಳನ್ನೂ ಆಕೆ ಒಂದೇ ಕಡೆ ಸೇರಿಸಿದ್ದಳು— ಒಬ್ಬರಿಗೆ ಒಂದೇ ಖಾತೆ, ಒಂದೇ ಪಾಸ್‌ವರ್ಡ್.

"ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ರಾ?"

"ನನಗೇ ನೆನಪಿರಲ್ಲ, ಇನ್ನೊಬ್ಬರಿಗೆಲ್ಲಿ ಹೇಳ್ಲಿ!"

ಅಕ್ಕ ಸರ್ವರಿನ ದಾಖಲೆ ತೆರೆದು ನೋಡಿದಳು. ಅವರ ಹೆಸರಿನಲ್ಲಿ ಬೇರೆ ಯಾರೂ ಒಳಹೊಕ್ಕಿರಲಿಲ್ಲ. ಹಾಗಾದರೆ ಬಂದವರು ತಮ್ಮದೇ ಪಾಸ್‌ವರ್ಡಿನಿಂದ, ರಾಜಾರೋಷವಾಗಿ ಬಂದಿದ್ದರು!

ಸುದ್ದಿ ಓದುವ ಹುಡುಗಿ ಇಣುಕಿದಳು.

"ಸ್ಟುಡಿಯೋ ಸರ್ವರಿನಲ್ಲಿ ಜಾಗ ಇಲ್ಲ ಅಂತ ಹಳೇದೆಲ್ಲ ಅಳಿಸಿದ್ದು ನೀನೇನಾ?" ಅಕ್ಕ ಕೇಳಿದಳು.

"ನನ್ನದನ್ನ ಮಾತ್ರ ಅಕ್ಕಾ. ಅವರದನ್ನ ಮುಟ್ಟೋಕೆ ನನಗೆಲ್ಲಿ ಅನುಮತಿ? ಹಾಗೇ ನನ್ನ ಹೆಡ್‌ಫೋನೂ ಹುಡುಕಿಕೊಡಿ. ಲೆಕ್ಕದ ರಾಯರು ತಗೊಂಡು ಹೋದೋರು ಕೊಟ್ಟೇ ಇಲ್ಲ."

ಅಕ್ಕ ತಟ್ಟನೆ ಎದ್ದಳು. ಧ್ವನಿಮುದ್ರಕರು ಹಿಂಬಾಲಿಸಿದರು.

ಲೆಕ್ಕಪತ್ರದ ಕೋಣೆಯಲ್ಲಿ ರಾಯರು ಒಬ್ಬರೇ. ಕೊರಳಲ್ಲಿ ಹೆಡ್‌ಫೋನ್, ಅದರೊಳಗೆ ಏನೋ ಸಣ್ಣಗೆ ನುಡಿಯುತ್ತಿತ್ತು.

"ಲೆಕ್ಕ ಕೂಡೋಕೆ ಇದ್ಯಾಕೆ ರಾಯರೇ?" ಅಕ್ಕ ಕೇಳಿದಳು.

ರಾಯರು ತಲೆ ತಗ್ಗಿಸಿದರು.

"ನಾವು ಲೆಕ್ಕಕ್ಕೇ ತಗೊಳ್ಳದ ಸುಳಿವು ಈ ಹೆಡ್‌ಫೋನು ಅಣ್ಣ," ಎಂದಳು ಅಕ್ಕ. "ಯಂತ್ರ ಹೆಸರು ನೋಡಲ್ಲ, ಖಾತೆಯ ನಂಬರ್ ನೋಡುತ್ತೆ. ಸ್ಟುಡಿಯೋ ಸರ್ವರಿನಲ್ಲಿ ನೀವು ಹನ್ನೆರಡು, ಆಫೀಸಿನದರಲ್ಲಿ ರಾಯರೂ ಹನ್ನೆರಡು. ಎರಡನ್ನೂ ಸೇರಿಸುವಾಗ ನಿಮಗೆ ಹೊಸ ನಂಬರ್ ಕೊಟ್ಟೆ, ನಿಮ್ಮ ಹಳೇ ಫೋಲ್ಡರಿನ ಮೇಲಿದ್ದ ಹನ್ನೆರಡನ್ನ ಬದಲಾಯಿಸೋದು ಮರೆತೆ. ಅದು ರಾಯರ ಪಾಲಾಯ್ತು. ಬಾಗಿಲು ತೆಗೆದವಳು ನಾನು, ಎತ್ತಿಟ್ಟುಕೊಂಡವರು ಇವರು."

"ಯಾಕೆ ರಾಯರೇ?" ಧ್ವನಿಮುದ್ರಕರು ಕೇಳಿದರು.

"ಯಾರ ದನಿಯೋ ಗೊತ್ತಿರಲಿಲ್ಲ. ಒಂದು ಎರಡು ಮೂರು ಅಂತ ಎಣಿಸಿ, 'ಊಟ ಮಾಡಿದ್ರಾ?' ಅಂತ ಕೇಳ್ತಾರೆ. ನನ್ನನ್ನ ಹಾಗೆ ಕೇಳೋರು ಯಾರಿದ್ದಾರೆ? ಸ್ಟುಡಿಯೋದಲ್ಲಿ ಅಳಿಸ್ತಿದ್ದಾರೆ ಅಂತ ಕೇಳಿ ನನ್ನ ಕಡೆ ಸರಿಸಿಕೊಂಡೆ. ತಪ್ಪಾಯ್ತು."

ಧ್ವನಿಮುದ್ರಕರು ಬಗ್ಗಿ ಹೆಡ್‌ಫೋನಿನ ತಂತಿಯನ್ನು ಕಂಪ್ಯೂಟರಿನಿಂದ ಮೆಲ್ಲಗೆ ಕಿತ್ತರು. ದನಿ ಕೋಣೆಯನ್ನೆಲ್ಲ ತುಂಬಿಕೊಂಡಿತು.

"...ಮೂರು. ಊಟ ಮಾಡಿದ್ರಾ?"

"ಇನ್ನೂ ಇಲ್ಲ ಕಣೇ," ಎಂದರು ಅವರು. ಕಣ್ಣೊರೆಸಿಕೊಂಡು ರಾಯರ ಕಡೆ ತಿರುಗಿದರು.

"ಏಳಿ, ಕೇಳ್ತಿದ್ದಾಳಲ್ಲ. ಊಟಕ್ಕೆ ಹೋಗೋಣ."