ಮೀಸೆ ಇಲ್ಲದ ಮಣ್ಣಿನ ಗಂಡಸು

ಸಮಸ್ತ ನಾಗರಿಕರಿಗೆ ತೀವ್ರ ವಿಷಾದದಿಂದ ತಿಳಿಸುವುದೇನೆಂದರೆ, ಗಿಡದ ನರ್ಸರಿಯವನ ಮೀಸೆ ಇಂದು ಬೆಳಗ್ಗೆ ಎಂಟೂವರೆಗೆ ತೀರಿಕೊಂಡಿತು. ವಯಸ್ಸು ಹದಿನಾರು.

ಸುದ್ದಿ ತಿಳಿದು ಮೊದಲು ಕಿರುಚಿದ್ದು ಶಿಲ್ಪಿ.

“ಏನ್ರೀ ಇದು! ಮೀಸೆ ಎಲ್ಲಿ?”

“ವಾಶ್‌ಬೇಸಿನ್‌ನಲ್ಲಿ, ಮೇಡಂ.”

ಅವಳಿಗೆ ನಗು ಬರಲಿಲ್ಲ. ಊರಿನ ಹೊಸ ಪಾರ್ಕಿನ ಬಾಗಿಲಿಗೆ ‘ನಮ್ಮ ನೆಲದ ಗಂಡಸು’ ಅಂತ ಒಂದು ಪ್ರತಿಮೆ ಬೇಕಿತ್ತು. ಸ್ಪರ್ಧೆಗೆ ನಾಳೆಯೇ ಕೊನೇ ದಿನ. ಹೊಳೆದಂಡೆಯಿಂದ ತಾನೇ ಹೊತ್ತು ತಂದ ಮಣ್ಣಲ್ಲಿ, ನಾಲ್ಕು ತಿಂಗಳಿಂದ ಅವಳು ಈ ನರ್ಸರಿಯವನನ್ನು ಆಳೆತ್ತರಕ್ಕೆ ಮಾಡುತ್ತಿದ್ದಳು. ಗೆದ್ದರೆ ಅವಳ ಕೆಲಸ ಮೊದಲ ಸಲ ಬಿಸಿಲು ನೋಡುತ್ತಿತ್ತು. ಇಲ್ಲೀವರೆಗೆ ಮಾಡಿದ್ದೆಲ್ಲ ಷೆಡ್ಡಿನಲ್ಲೇ ಧೂಳು ತಿನ್ನುತ್ತಿತ್ತು.

ಉಳಿದ ಸ್ಪರ್ಧಿಗಳು ಮಾಡಿದ ಗಂಡಸರೆಲ್ಲ ಎದೆ ಉಬ್ಬಿಸಿ ನಿಂತಿದ್ದರು, ಉಸಿರು ಬಿಟ್ಟರೆ ಪ್ಯಾಂಟ್ ಜಾರುತ್ತೆ ಅನ್ನೋ ಹಾಗೆ. ಅವಳವನು ಮಾತ್ರ ಬಗ್ಗಿ, ಬೊಗಸೆಯಲ್ಲಿ ಸಸಿ ಹಿಡಿದು, ಅದರ ಬೇರಿಗೆ ನೋವಾದೀತೇನೋ ಅಂತ ನೋಡುತ್ತಿದ್ದ. ಆ ಮಣ್ಣಿಗೂ ನಿಜದ ನರ್ಸರಿಯವನ ಕತ್ತಿನ ಚರ್ಮಕ್ಕೂ ಒಂದೇ ಬಣ್ಣ.

“ಗಂಡಸು ಅಂದ್ರೆ ಹೀಗಾ?” ಅಪ್ಪ ಗೊಣಗಿದ್ದರು. “ಬೆನ್ನಾದ್ರೂ ನೆಟ್ಟಗೆ ಮಾಡಮ್ಮ.”

“ನೆಟ್ಟಗೆ ನಿಂತ್ರೆ ಸಸಿ ನೆಡೋದ್ಯಾರಪ್ಪ?”

ಈಗ ನೋಡಿದರೆ ಇವನು ಮೀಸೆಯೇ ಇಲ್ಲದೆ ನಿಂತಿದ್ದಾನೆ.

“ಯಾಕ್ರೀ ಬೋಳಿಸಿದ್ರಿ?”

“ನಿನ್ನೆ ನೀವೇ ಅಂದ್ರಲ್ಲ, ಮೀಸೆ ಅಡ್ಡ ಬಂದು ನಗು ಕಾಣ್ತಿಲ್ಲ ಅಂತ.”

“ಅದು ಮಣ್ಣಿನ ಮೀಸೆಗೆ ಅಂದಿದ್ದು ರೀ!”

“ಓ.”

ಅವನ ಕೈ ತಾನಾಗೇ ಮೇಲ್ದುಟಿಗೆ ಹೋಗಿ, ತಿರುವೋಕೆ ಏನೂ ಸಿಗದೆ ವಾಪಸ್ ಬಂತು.

ಅವಳು ಹತ್ತಿರ ಬಂದಳು. ಹದಿನಾರು ವರ್ಷ ಬಿಸಿಲು ಕಾಣದ ಆ ಜಾಗ ಎಳೇ ಚಿಗುರಿನ ಹಾಗಿತ್ತು. ಅಳತೆಗೆ ಅಂತ ಬೆರಳಿಟ್ಟಳು. ಅಳತೆಗೆ ಅಷ್ಟು ಹೊತ್ತು ಬೇಕಿರಲಿಲ್ಲ.

“ಎಷ್ಟು ಬಂತು, ಮೇಡಂ?”

“ಮರೆತೋಯ್ತು. ಅಲ್ಲಾಡಬೇಡಿ, ಇನ್ನೊಂದ್ಸಲ.”

ಆಮೇಲೆ ತಂತಿ ತಗೊಂಡು ಮಣ್ಣಿನ ಮೀಸೆಯನ್ನೂ ಕೊಯ್ದುಬಿಟ್ಟಳು. ಸಂಜೆಯೊಳಗೆ ಅದರಡಿಯಿಂದ ನಗು ಹೊರಬಂತು, ಅವನದೇ.

ಉಳಿದಿದ್ದು ಸ್ಪರ್ಧೆಯ ಫಾರಂ. ಅವನು ಓದಿದ: “ಕಲಂ ಹನ್ನೊಂದು. ಶಿಲ್ಪಿಗೂ ಮಾದರಿಯಾಗಿ ನಿಂತವರಿಗೂ ಸಂಬಂಧವಿದೆಯೇ? ಇದ್ದಲ್ಲಿ ಪ್ರವೇಶ ತಿರಸ್ಕರಿಸಲಾಗುವುದು. ‘ಇಲ್ಲ’ ಅಂತ ಬರೀರಿ ಮೇಡಂ, ಮುಗೀತು.”

ಪೆನ್ನು ಅಲ್ಲಾಡಲಿಲ್ಲ.

“ಎರಡೇ ಅಕ್ಷರ.”

“ಗೊತ್ತು. ನಾಲ್ಕು ತಿಂಗಳಲ್ಲಿ ಈ ಪ್ರತಿಮೆ ಮೇಲೆ ಒಂದೂ ಸುಳ್ಳು ಗೆರೆ ಹಾಕಿಲ್ಲ ನಾನು.”

“ಪಾರ್ಕು ಬೇಡ್ವಾ?”

“ಬೇಕು. ತುಂಬಾ ಬೇಕು,” ಅಂತ ಅವಳು ಬರೆದಳು: ಇದೆ.

ಅವನು ಫಾರಮ್ಮನ್ನೇ ನೋಡಿದ. “ಯಾವಾಗಿಂದ?”

“ಸುಮಾರು... ಪ್ರತಿಮೆ ಸೊಂಟದವರೆಗೆ ಬಂದಾಗಿಂದ.”

“ನಂಗೆ ನೀವು ಪಾದ ಮಾಡ್ತಿರೋವಾಗ್ಲೇ.”

ಸೋಮವಾರ ಫಾರಂ ವಾಪಸ್ ಬಂತು: ಕಲಂ ಹನ್ನೊಂದರ ಪ್ರಕಾರ ತಿರಸ್ಕೃತ. ಅಪ್ಪನಿಗಿಂತ ಮೊದಲೇ ಸಂಬಂಧಕ್ಕೆ ಸೀಲು ಒತ್ತಿದ್ದು ಸ್ಪರ್ಧೆಯ ಸಮಿತಿಯೇ.

“ಪ್ರತಿಮೆನ ತುಂಡು ಮಾಡಿ, ಗೂಡಲ್ಲಿ ಸುಟ್ಟು, ಮತ್ತೆ ಜೋಡಿಸಿ, ನಿನ್ನ ನರ್ಸರಿ ಬಾಗಿಲಲ್ಲೇ ನಿಲ್ಲಿಸ್ತೀನಿ,” ಅಂದಳು ಅವಳು. “ಬಿಸಿಲು ಅಲ್ಲೂ ಇದೆ.”

‘ನಿನ್ನ’ ಅನ್ನೋದು ಅವನ ಕಿವಿಗೆ ಬಿತ್ತು. “ಮೀಸೆ ಮತ್ತೆ ಬಿಡ್ಲಾ?”

“ಬೇಡ. ಅಳತೆ ಇನ್ನೂ ಮುಗಿದಿಲ್ಲ.”